ಓದದೆ ಬಿಟ್ಟ ಎರಡು ಹಾಳೆ

ಮಠದ ಸಭಾಂಗಣದಲ್ಲಿ, ನೂರಾರು ಜನ ಕೂತಿದ್ದಾಗ, ನಾನೊಂದು ಸುಳ್ಳು ಹೇಳಿದೆ. ಆ ಸುಳ್ಳಿನಿಂದ ವಯಸ್ಸಾದ ಒಬ್ಬ ಕಲಾವಿದೆಗೆ ಅವಳು ಬಿಸಿಲಲ್ಲಿ ದುಡಿದ ಪಾಲು ಅಂದು ಸಿಗದೇ ಹೋಯಿತು. ಎಪ್ಪತ್ತೊಂದನೇ ವಯಸ್ಸಿನಲ್ಲಿ ಇದನ್ನು ಬರೆಯಲು ಕೂತಿರುವುದು ಆ ಕಾರಣಕ್ಕೆ.

ಅವಳನ್ನು ನಾನು ಅಕ್ಕ ಎಂದು ಕರೆಯುತ್ತೇನೆ, ಒಡಹುಟ್ಟಿದವಳೇನಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ನಾನು ಹೊಳಲ್ಕೆರೆಯಲ್ಲಿ ಕ್ಯಾಂಪು ಹಾಕಿದ್ದ ನಾಟಕ ಕಂಪನಿಯೊಂದಕ್ಕೆ ಸೇರಿದೆ. ಗೇಟಿನಲ್ಲಿ ನಿಂತು ಟಿಕೆಟ್ ಹರಿಯುವ ಕೆಲಸ. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಇಪ್ಪತ್ತೆರಡಕ್ಕೇ ಅತ್ತೆಯ ಪಾತ್ರ, ಮುದುಕಿಯ ಪಾತ್ರ ಮಾಡುತ್ತಿದ್ದಳು. ನನ್ನ ಹೆಸರು ಹಿಡಿದು ಆಕೆ ಎಂದೂ ಕರೆಯಲಿಲ್ಲ. ಅಂದಿನಿಂದ ಇಂದಿನವರೆಗೂ ನಾನು ಅವಳಿಗೆ 'ಗೇಟು'.

ಕಂಪನಿಯ ಮುಂದಿನ ಪರದೆಯಲ್ಲಿ ಒಂದು ಸಣ್ಣ ತೂತು ಇರುತ್ತಿತ್ತು. ಮೂರನೇ ಗಂಟೆ ಹೊಡೆಯುವ ಮೊದಲು ಕಲಾವಿದರು ಒಬ್ಬೊಬ್ಬರಾಗಿ ಅದಕ್ಕೆ ಕಣ್ಣಿಟ್ಟು ಎಷ್ಟು ಜನ ಬಂದಿದ್ದಾರೆಂದು ನೋಡುತ್ತಿದ್ದರು. ಕ್ಯಾಂಪು ಎತ್ತುವ ವಾರದಲ್ಲಿ ಮುಖ್ಯ ಕಲಾವಿದರ ಹೆಸರಿನಲ್ಲಿ ಬೆನಿಫಿಟ್ ನಾಟಕ ನಡೆಯುತ್ತಿತ್ತು. ಅಂದಿನ ಕಲೆಕ್ಷನ್ನಿನಲ್ಲಿ ಅವರಿಗೆ ಪಾಲು. ಅಕ್ಕ ತೂತಿನಿಂದ ಕಣ್ಣು ತೆಗೆದು ಹೇಳಿದ ಮೊತ್ತಕ್ಕೂ ಬುಕ್ಕಿಂಗಿನ ಪೆಟ್ಟಿಗೆಗೂ ಐದೋ ಹತ್ತೋ ರೂಪಾಯಿ ವ್ಯತ್ಯಾಸ ಬರುತ್ತಿತ್ತು, ಅಷ್ಟೆ. ಕೂತ ಜನ, ಬಂದ ಹಣ, ತನ್ನ ಪಾಲು, ಎಲ್ಲವೂ ಕಣ್ಣಿಗೆ ಕಾಣುವಂಥದ್ದು. ಅವಳ ಬದುಕು ಅದೇ ಲೆಕ್ಕದಲ್ಲಿ ನಡೆದಿತ್ತು.

ಕಂಪನಿ ಮುಚ್ಚಿದ ಮೇಲೆ ನಾನು ಹಿರಿಯೂರಿನ ಟಾಕೀಸೊಂದಕ್ಕೆ ಬಂದೆ. ಮೊದಲು ಬುಕ್ಕಿಂಗಿನಲ್ಲಿ, ಆಮೇಲೆ ಮ್ಯಾನೇಜರಾಗಿ. ಅಕ್ಕ ಹೊಸದುರ್ಗದಲ್ಲಿ ಮಹಡಿ ಮೇಲಿನ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಶಾಲೆಯ ಮಕ್ಕಳಿಗೆ ನಾಟಕ ಕಲಿಸುವುದು, ಆಗೊಮ್ಮೆ ಈಗೊಮ್ಮೆ ಧಾರಾವಾಹಿಯಲ್ಲಿ ಒಂದು ಸಣ್ಣ ಪಾತ್ರ, ಹೀಗೆ ಜೀವನ. ಆ ಮಹಡಿಗೆ ಹತ್ತುವ ಮೆಟ್ಟಿಲು ಕಡಿದು, ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಅವಳ ಮಂಡಿ ಹೋಗಿ ವರ್ಷಗಳೇ ಆಗಿದ್ದವು. ಅದೇ ಬೀದಿಯಲ್ಲಿ ನೆಲದ ಮೇಲಿನ ಒಂದು ಮನೆ ಭೋಗ್ಯಕ್ಕಿತ್ತು. ಒಂದೇ ಸಲ ದೊಡ್ಡ ಮೊತ್ತ ಕೊಟ್ಟುಬಿಟ್ಟರೆ ತಿಂಗಳ ಬಾಡಿಗೆಯ ಗೋಜಿಲ್ಲ. ಮನೆಯ ಮುಂದೆಯೇ ನಲ್ಲಿ, ಒಳಗೆ ಬಚ್ಚಲು. ಅಕ್ಕ ತರಕಾರಿಗೆ ಹೋದಾಗಲೆಲ್ಲ ಆ ಮನೆಯ ಜಗಲಿಯ ಮೇಲೆ ಕೂತು ಸುಧಾರಿಸಿಕೊಂಡು ಬರುತ್ತಿದ್ದಳು.

ಆಗ ಜವನಗೊಂಡನಹಳ್ಳಿ ಕಡೆಯ ಒಬ್ಬ ಹುಡುಗ, ಮೂವತ್ತು ದಾಟಿದ್ದಿರಬಹುದು, ಸಿನಿಮಾ ತೆಗೆಯುತ್ತೇನೆಂದು ನಮ್ಮ ಟಾಕೀಸಿಗೆ ಬಂದ. ಕುರಿ ಕಾಯುವ ಅಜ್ಜಿಯ ಕಥೆ, ನಮ್ಮ ಕಡೆಯ ಮಾತು ಬರುವ ಮುದುಕಿ ಬೇಕು ಎಂದ. ನಾನೇ ಅವನನ್ನು ಅಕ್ಕನ ಮುಂದೆ ಕೂರಿಸಿದೆ. ಅವನ ಹತ್ತಿರ ಹಣ ಕಮ್ಮಿ. ಕೈಗೆ ಒಂದಿಷ್ಟು ಕೊಟ್ಟು ಮುಗಿಸುತ್ತೇನೆ, ಬೇಡವೆಂದರೆ ಟಾಕೀಸಿನ ಕಲೆಕ್ಷನ್ನಿನಲ್ಲಿ ಪಾಲು ಕೊಡುತ್ತೇನೆ ಎಂದ.

"ಏನ್ ಮಾಡಾಣ ಗೇಟು?" ಅಂತ ಅಕ್ಕ ನನ್ನ ಕಡೆ ತಿರುಗಿದಳು.

"ಪಾಲೇ ತಗಾ ಅಕ್ಕ. ನಮ್ಮ ಟಾಕೀಸಿನಾಗೇ ಬರ್ತೈತೆ. ನಾನೇ ತಲೆ ಎಣಿಸಿ ಹೇಳ್ತೀನಿ."

"ನೀನು ಎಣಿಸೋದು ಬ್ಯಾಡ. ನನ್ನ ಕಣ್ಣು ಇನ್ನೂ ನೆಟ್ಟಗೈತೆ," ಅಂದಳು. ಹುಡುಗ ನಕ್ಕ.

ಒಂದು ವಾರದ ಮೇಲೆ ಟಾಕೀಸಿನ ಆಫೀಸು ಕೋಣೆಯಲ್ಲಿ ಅಗ್ರಿಮೆಂಟು ಬಂತು. ಐದು ಹಾಳೆ. ಮೊದಲ ಮೂರು ಕನ್ನಡದಲ್ಲಿ, ಕೊನೆಯ ಎರಡು ಇಂಗ್ಲಿಷಿನಲ್ಲಿ. ಅಕ್ಕ ಮಾತು ಕೇಳಿ ಕಲಿತವಳೇ ಹೊರತು ಓದಿದವಳಲ್ಲ. ಮೂರು ಗಂಟೆಯ ನಾಟಕ ಕೇಳಿಸಿಕೊಂಡೇ ಬಾಯಿಪಾಠ ಮಾಡಿದವಳು. ನೀನು ಹೈಸ್ಕೂಲು ಓದಿದವನು, ಓದಿ ಹೇಳು ಎಂದು ಹಾಳೆಗಳನ್ನು ನನ್ನ ಮುಂದಿಟ್ಟಳು. ಕನ್ನಡದ ಮೂರನ್ನೂ ಸಾಲು ಬಿಡದೆ ಓದಿದೆ. ಇಂಗ್ಲಿಷಿನ ಅಕ್ಷರ ನನಗೆ ಗೊತ್ತು, ಊರಿನ ಹೆಸರು, ಅಂಗಡಿಯ ಬೋರ್ಡು ಓದಬಲ್ಲೆ. ಆ ಎರಡು ಹಾಳೆಯಲ್ಲಿದ್ದ ಉದ್ದುದ್ದ ವಾಕ್ಯಗಳು ಮಾತ್ರ ನನಗೆ ಒಂದೂ ಅರ್ಥವಾಗಲಿಲ್ಲ. ನನಗೆ ತಿಳಿಯುತ್ತಿಲ್ಲ ಎಂದಿದ್ದರೆ ಎದುರಿನ ಬ್ಯಾಂಕಿನಲ್ಲಿ ಯಾರಾದರೂ ಓದಿ ಹೇಳುತ್ತಿದ್ದರು. ಆದರೆ ಆ ಹುಡುಗ ನನ್ನನ್ನು ಮ್ಯಾನೇಜರ್ ಸಾರ್ ಎನ್ನುತ್ತಿದ್ದ. ಬಾಗಿಲಲ್ಲಿ ನಮ್ಮ ಟಾಕೀಸಿನ ಇಬ್ಬರು ಕೆಲಸದವರು ನಿಂತಿದ್ದರು. ಓದಿದಷ್ಟು ಹೊತ್ತು ಆಗುವ ಹಾಗೆ ಬೆರಳನ್ನು ಸಾಲುಗಳ ಮೇಲೆ ಜರುಗಿಸಿದೆ.

"ಎಲ್ಲಾ ಅದೇ ಐತಕ್ಕ, ಇಂಗ್ಲಿಷಿನಾಗೆ ಇನ್ನೊಂದು ಸಲ ಬರ್ದವ್ರೆ. ಒತ್ತು," ಎಂದೆ. ಅವಳು ಹೆಬ್ಬೆಟ್ಟು ಒತ್ತಿದಳು. ಸಾಕ್ಷಿಯ ಜಾಗದಲ್ಲಿ ನಾನು ರುಜು ಹಾಕಿದೆ.

ಹರಿಯಬ್ಬೆಯ ಸುತ್ತಮುತ್ತ ಬೇಸಿಗೆಯಿಡೀ ಶೂಟಿಂಗು ನಡೆಯಿತು. ಅಲ್ಲಿನ ಕುರಿಗಾರರ ಹೆಂಗಸೊಬ್ಬಳಿಂದ ಅಕ್ಕ ಕುರಿ ಕರೆಯುವ ದನಿ ಕಲಿತಳು. ಎಂಟನೇ ದಿನಕ್ಕೆ ಕುರಿಗಳು ಆ ಹೆಂಗಸನ್ನು ಬಿಟ್ಟು ಅಕ್ಕನ ಹಿಂದೆ ಹೊರಟವಂತೆ. "ನಿಮ್ಮಕ್ಕನ್ನ ಇಲ್ಲೇ ಬಿಟ್ಟು ಹೋಗ್ರಿ, ನಮಗೊಂದು ಆಳು ಉಳೀತೈತೆ," ಎಂದು ಆ ಹೆಂಗಸು ನನಗೆ ಹೇಳಿದ್ದಳು. ನಾನು ಒಂದು ಭಾನುವಾರ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಹೋದಾಗ ಅಕ್ಕ ಕಲ್ಲಿನ ಮೇಲೆ ಕಾಲು ಚಾಚಿ, ಮಂಡಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ನೋವೇ ಎಂದೆ. "ನೆಲದ ಮನೆ ಕಾಣಿಸ್ತಾ ಐತಪ್ಪ, ನಡೀತೈತೆ," ಎಂದಳು.

ಸಿನಿಮಾ ಒಂದು ಶುಕ್ರವಾರ ನಮ್ಮ ಟಾಕೀಸಿಗೆ ಬಂತು. ದುರ್ಗದಲ್ಲಿ ಒಂದು, ಹೊಸದುರ್ಗದಲ್ಲಿ ಒಂದು, ಹೀಗೆ ಕೆಲವೇ ಕಡೆ. ಅಕ್ಕ ಹೊಸ ಸೀರೆ ಉಟ್ಟು ಬಸ್ಸಿನಲ್ಲಿ ಹಿರಿಯೂರಿಗೆ ಬಂದಳು. ಮ್ಯಾಟಿನಿ ಶುರುವಾಗುವ ಮುಂಚೆ ಪಕ್ಕದ ಬಾಗಿಲ ಪರದೆ ಸರಿಸಿ ಒಳಗೆ ನೋಡಿದಳು. ಬಹಳ ಹೊತ್ತು ನೋಡಬೇಕಾಗಿರಲಿಲ್ಲ. ಮೂವತ್ತು ಜನ ಇದ್ದರೋ ಇಲ್ಲವೋ.

"ಸಂಜೆ ಬರ್ತಾರೆ ಬಿಡಕ್ಕ," ಎಂದೆ. ಅವಳು ಪರದೆಯನ್ನು ಮೊದಲಿನಂತೆ ಎಳೆದಳು.

ಸಿನಿಮಾ ಮುಗಿಸಿ ಬಸ್ ಸ್ಟ್ಯಾಂಡಿಗೆ ಬಂದೆವು. ಹೂವು ಮಾರುವ ಹೆಂಗಸು ಅಕ್ಕನನ್ನು ನೋಡಿ ಎದ್ದೇ ಬಂದಳು.

"ನೀವು ಕುರಿ ಅಜ್ಜಿ ಅಲ್ವೇನಮ್ಮ? ಅಯ್ಯೋ, ಎಷ್ಟು ಅಳಿಸಿಬಿಟ್ರಿ. ತಗಳ್ರಿ, ಮುಡ್ಕಳ್ರಿ."

"ಯಾವ ಆಟಕ್ಕೆ ಬಂದಿದ್ಯವ್ವ?"

"ಆಟ ಎಲ್ಲಿ, ಫೋನಿನಾಗೆ ಬಂದೈತಲ್ಲ. ಬೆಳಿಗ್ಗೆ ನಮ್ಮ ಆದಿವಾಲದಾಗೆ ಹೂವು ಕಟ್ಟೋರೆಲ್ಲ ಒಂದೇ ಫೋನಿಟ್ಕಂಡು ನೋಡಿದ್ವಿ."

ಬಸ್ಸು ಬರುವಷ್ಟರಲ್ಲಿ ಇನ್ನೂ ನಾಲ್ಕೈದು ಜನ ಗುರುತು ಹಿಡಿದರು. ಎಲ್ಲರೂ ಫೋನಿನಲ್ಲಿ ನೋಡಿದವರು. ಟಾಕೀಸಿಗೆ ಬಿಟ್ಟ ದಿನವೇ ಸಿನಿಮಾವನ್ನು ಮೊಬೈಲಿನ ಆ್ಯಪಿಗೂ ಬಿಟ್ಟಿದ್ದರು. ಅಕ್ಕನ ಮುಖ ಮೊದಲು ಅರಳಿತ್ತು. ಕೈಯಲ್ಲಿದ್ದ ಹೂವನ್ನು ಮುಡಿಯದೆ ಹಾಗೇ ಹಿಡಿದುಕೊಂಡು ಕೇಳಿದಳು:

"ಗೇಟು, ಈ ಫೋನಿನ ಮುಂದೆ ಕುಂತೋರ್ನ ಯಾರು ಎಣಿಸ್ತಾರೆ?"

ಮಾರನೇ ದಿನ ಬ್ಯಾಂಕಿನ ಒಬ್ಬರಿಂದ ಆ ಎರಡು ಹಾಳೆ ಓದಿಸಿದೆ. ನಿರ್ಮಾಪಕರು ಬೇಕಾದರೆ ಟಾಕೀಸಿಗೂ ಆ್ಯಪಿಗೂ ಒಟ್ಟಿಗೇ ಬಿಡಬಹುದು, ಆ್ಯಪಿನ ಹಣದಲ್ಲಿ ಕಲಾವಿದರಿಗೆ ಪಾಲಿಲ್ಲ ಎಂದಿತ್ತು. ಅಕ್ಕನಿಗೆ ಹಾಳೆಯ ವಿಷಯ ತಿಳಿಸಿದೆ. ನಾನು ಓದಿರಲಿಲ್ಲ ಎಂಬುದನ್ನು ತಿಳಿಸಲಿಲ್ಲ.

ಟಾಕೀಸಿನಲ್ಲಿ ಸಿನಿಮಾ ನಾಲ್ಕೇ ದಿನ ಓಡಿತು. ನಾಯಕ ನಟನೂ ಇದೇ ತಕರಾರು ಎತ್ತಿದ್ದನಂತೆ. ಅವನ ಪರ ಬೆಂಗಳೂರಿನ ವಕೀಲರು ಮಾತಾಡಿ ಬಗೆಹರಿಸಿದರು. ಅಕ್ಕನಿಗೆ ಯಾವ ವಕೀಲರು? ಆ ಹುಡುಗನ ಮನೆಯವರು ದುರ್ಗದ ಕಡೆಯ ಒಂದು ಮಠದ ಭಕ್ತರು. ಆ ಮಠದಲ್ಲಿ ವಾರಕ್ಕೊಂದು ದಿನ ಗುರುಗಳು ಜನರ ವ್ಯಾಜ್ಯ ಕೇಳುತ್ತಾರೆ. ಹೊಲದ ಬದುವಿನ ಜಗಳ, ಗಂಡ ಹೆಂಡಿರ ಜಗಳ, ಎಲ್ಲ ಜಾತಿಯವರೂ ಹೋಗುತ್ತಾರೆ. ಅಕ್ಕ ಅಲ್ಲಿಗೆ ಅರ್ಜಿ ಕೊಟ್ಟಳು. ಸಿನಿಮಾದ ವ್ಯಾಜ್ಯ ಅಲ್ಲಿಗೆ ಬಂದದ್ದು ಅದೇ ಮೊದಲಿರಬೇಕು, ಹಿಂದೆ ಕೂತವರು ಕತ್ತು ಉದ್ದ ಮಾಡಿ ನೋಡುತ್ತಿದ್ದರು.

ಹುಡುಗ ಎದ್ದು ನಿಂತು ಹೇಳಿದ, "ಬುದ್ಧಿ, ನಾನು ಮೋಸ ಮಾಡಿಲ್ಲ. ಸಾಲ ತೀರಿಸಾಕೆ ಆ್ಯಪಿಗೆ ಮಾರ್ದೆ. ನಾಕನೇ ಹಾಳೆಯಾಗೆ ಎಲ್ಲಾ ಬರ್ದೈತೆ. ಓದಿಸಿ ಕೇಳ್ಕಂಡೇ ಒತ್ತವ್ರೆ."

ಗುರುಗಳು ಸಾಕ್ಷಿ ಯಾರು ಎಂದರು. ನಾನು ಎದ್ದೆ.

"ಇದನ್ನೆಲ್ಲ ನೀವು ಅಮ್ಮನಿಗೆ ಓದಿ ಹೇಳಿದ್ರಾ?"

ಹಿರಿಯೂರಿನವರು, ಹೊಸದುರ್ಗದವರು, ನನ್ನ ಟಾಕೀಸಿಗೆ ಬಂದು ಹೋದವರು ಎಷ್ಟೋ ಜನ ಅಲ್ಲಿದ್ದರು. "ಹೇಳಿದ್ದೆ ಬುದ್ಧಿ," ಎಂದೆ.

ಅಕ್ಕ ತಲೆಯೆತ್ತಿ ನನ್ನನ್ನು ನೋಡಿದಳು. ಗುರುಗಳು ಅವಳನ್ನು ಕೇಳಿದರು. ಅವಳು ಸೆರಗು ಸರಿಮಾಡಿಕೊಂಡು, "ಹೇಳಿರಬೇಕು ಬುದ್ಧಿ. ವಯಸ್ಸಾತು, ನಾನೇ ಮರ್ತಿರಬೇಕು," ಎಂದಳು.

ತಿಳಿದು ಒತ್ತಿದ ಮೇಲೆ ಏನೂ ಮಾಡಲು ಬರುವುದಿಲ್ಲ, ಹುಡುಗ ತನ್ನ ಖುಷಿಯಿಂದ ಏನಾದರೂ ಕೊಡಲಿ ಎಂದು ತೀರ್ಮಾನವಾಯಿತು. ಅವನು ಒಂದು ಶಾಲು, ಒಂದಿಷ್ಟು ಹಣ ಕೊಟ್ಟ. ಅಕ್ಕ ಎರಡನ್ನೂ ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು.

ಮೂರು ತಿಂಗಳು ನಾನು ಹೊಸದುರ್ಗದ ಕಡೆ ತಲೆ ಹಾಕಲಿಲ್ಲ. ಫೋನು ಬಂದರೆ ಎತ್ತಲಿಲ್ಲ. ಕಡೆಗೆ ಒಂದು ಬೆಳಿಗ್ಗೆ, ಯಾರೂ ಹೇಳದೆಯೇ, ಬಸ್ಸು ಹತ್ತಿದೆ. ಬೀದಿಯಲ್ಲಿ ನಿಂತು ನೋಡಿದರೆ ಮಹಡಿಯಿಂದ ಹಗ್ಗಕ್ಕೆ ಕಟ್ಟಿದ ಪುಟ್ಟಿಯೊಂದು ಕೆಳಗೆ ಇಳಿಯುತ್ತಿತ್ತು. ತರಕಾರಿ ಗಾಡಿಯವನು ಅದಕ್ಕೆ ಒಂದು ಸೊಪ್ಪಿನ ಕಟ್ಟು, ಎರಡು ಟೊಮೆಟೊ ಹಾಕಿದ. ಅಕ್ಕ ಕೆಳಗಿಳಿದು ತಿಂಗಳಾಯಿತು ಎಂದು ಅವನೇ ಹೇಳಿದ. ನೆಲದ ಮನೆಯ ಜಗಲಿಯ ಮೇಲೆ ಬೇರೆ ಯಾರದೋ ಚಪ್ಪಲಿಗಳಿದ್ದವು.

ಮೇಲೆ ಹೋದೆ. "ಬಾರಪ್ಪ, ದಾರಿ ನೆನಪಾತಾ? ಕುಂತ್ಕ," ಎಂದಳು. ಕೂರಲಿಲ್ಲ. ನಿಂತೇ ಹೇಳಿದೆ: ಆ ಎರಡು ಹಾಳೆ ನನಗೆ ಓದಲು ಬರಲಿಲ್ಲ, ಓದಿದ ಹಾಗೆ ಮಾಡಿದೆ, ಮಠದಲ್ಲಿ ಸುಳ್ಳು ಹೇಳಿದೆ.

ಅಕ್ಕ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ತು ಕಣೋ. ನೀನು ಓದುವಾಗ ತುಟಿ ಅಲ್ಲಾಡ್ತಾವೆ, ಯಾವಾಗ್ಲೂ. ಆ ಎಲ್ಡು ಹಾಳೆಗೆ ಅಲ್ಲಾಡಲಿಲ್ಲ."

"ಮತ್ತೆ ಯಾಕೆ ಒತ್ತಿದೆ? ಮಠದಾಗೆ ಯಾಕೆ ಹೇಳಲಿಲ್ಲ?"

"ಒತ್ತುವಾಗ, ದೊಡ್ಡ ವಿಷಯ ಇದ್ರೆ ನೀನು ಹೇಳ್ತಿದ್ದೆ ಅಂದ್ಕಂಡೆ. ಮಠದಾಗೆ ನೀನು ನಡುಗ್ತಾ ಇದ್ದೆ. ಅಷ್ಟು ಜನದ ಮುಂದೆ ನಿನ್ನ ಮಾನ ತಗೀಲಾ?" ಒಂದು ಕಡ್ಡಿ ಮುರಿದು ಪಕ್ಕಕ್ಕಿಟ್ಟು ಹೇಳಿದಳು, "ಆಮೇಲೆ ನೀನೇ ಬರ್ತೀಯ ಅಂತ ಕಾದೆ. ಬರಲಿಲ್ಲ. ಆಗ ಸಿಟ್ಟು ಬಂತು."

"ಇನ್ನೊಂದು ಅರ್ಜಿ ಕೊಡಾಣ ಅಕ್ಕ. ನಾನು ಎದ್ದು ನಿಂತು ಹೇಳ್ತೀನಿ."

ಬೇಡ ಬಿಡು ಎನ್ನುತ್ತಾಳೆಂದು ನನ್ನ ಮನಸ್ಸಿನ ಒಂದು ಮೂಲೆ ಕಾಯುತ್ತಿತ್ತು. ಇದನ್ನೂ ಮುಚ್ಚಿಡಬಾರದು. ಅವಳು ಸೊಪ್ಪಿನ ಕಡ್ಡಿಗಳನ್ನು ಒಟ್ಟು ಮಾಡಿ, "ಹೋಗಾಣ," ಎಂದಳು.

ಅವಳನ್ನು ಮೆಟ್ಟಿಲಿಳಿಸಲು ಅರ್ಧ ಗಂಟೆ ಹಿಡಿಯಿತು. ಮಠದಲ್ಲಿ ನಮ್ಮ ಸರದಿ ಬಂದಾಗ ನಾನು ಎದ್ದು, ನನಗೆ ಇಂಗ್ಲಿಷು ಬರುವುದಿಲ್ಲ ಬುದ್ಧಿ, ಅಂದು ಸುಳ್ಳು ಹೇಳಿದೆ ಎಂದೆ. ಯಾರೋ ಹಿಂದೆ ಕಿಸಕ್ಕೆಂದರು. ಗುರುಗಳು ನನ್ನನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. ಹುಡುಗನ ಕಡೆ ತಿರುಗಿ, ನೀನಾದರೂ ಬಾಯಿ ಬಿಟ್ಟು ಹೇಳಿದ್ದೆಯಾ ಎಂದು ಕೇಳಿದರು. ಅವನು ತಲೆ ತಗ್ಗಿಸಿ, "ಇಲ್ಲ ಬುದ್ಧಿ, ಹೇಳಿದ್ರೆ ಪಾಲು ಬಿಟ್ಟು ಜಾಸ್ತಿ ದುಡ್ಡು ಕೇಳ್ತಾರೆ ಅಂತ ಸುಮ್ಮನಾದೆ," ಎಂದ. ಆ್ಯಪಿನಿಂದ ಬಂದ ಹಣದಲ್ಲಿ ಒಪ್ಪಿದ ಪಾಲಿನ ಅರ್ಧ ಕೊಡಲಿ ಎಂದು ಗುರುಗಳು ಹೇಳಿದರು.

"ಅರ್ಧ ಯಾಕೆ ಬುದ್ಧಿ? ಸಿನಿಮಾದಾಗೆ ನಾನು ಪೂರ್ತಿ ಇದೀನಲ್ಲ," ಎಂದಳು ಅಕ್ಕ.

ಸಭೆಯೆಲ್ಲ ನಕ್ಕಿತು, ಗುರುಗಳೂ ನಕ್ಕರು. ಮುಕ್ಕಾಲಿಗೆ ನಿಂತಿತು. ಹುಡುಗ ಎರಡು ಕಂತಿನಲ್ಲಿ ಕೊಟ್ಟು ತೀರಿಸಿದ.

ಆದರೆ ಮುಂದೆ ನಲ್ಲಿ ಇದ್ದ ಮನೆ ಸಿಗಲಿಲ್ಲ. ನಾನು ಮುಖ ತಪ್ಪಿಸಿಕೊಂಡಿದ್ದ ಆ ಮೂರು ತಿಂಗಳಲ್ಲೇ ಅದು ಬೇರೆಯವರ ಪಾಲಾಗಿತ್ತು. ಅಕ್ಕನಿಗೆ ಸಿಕ್ಕಿದ್ದು ಹಿಂದಿನ ಓಣಿಯ ಸಣ್ಣ ಮನೆ. ಮೆಟ್ಟಿಲಿಲ್ಲ, ನಿಜ. ಬೆಳಕು ಕಮ್ಮಿ, ನೀರಿಗೆ ಮೂರು ಮನೆ ದಾಟಿ ಹೋಗಬೇಕು. ನಾನು ವಾರಕ್ಕೊಮ್ಮೆ ಹೋಗಿ ಎರಡು ಡ್ರಮ್ಮು ತುಂಬಿಸಿಟ್ಟು ಬರುತ್ತೇನೆ.

ಮೊನ್ನೆ ಹೋದಾಗ, ಇದನ್ನೆಲ್ಲ ಬರೆಯುತ್ತಿದ್ದೇನೆ ಎಂದು ಹೇಳಿದೆ. ಅಕ್ಕ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು.

"ಬರಿ. ಆದ್ರೆ ಕ್ಷಮಿಸಿದ್ಲು ಅಂತ ಬರಿಬ್ಯಾಡ. ಆ ಮನೆ ಕೈ ಬಿಟ್ಟೋತಲ್ಲ, ಅದು ಇನ್ನೂ ಹೊಟ್ಟೆಯಾಗೈತೆ."

"ಮತ್ತೆ ಏನಂತ ಬರೀಲಿ ಅಕ್ಕ?"

"ಉಂಡು ಹೋಗು ಅಂದ್ಲು ಅಂತ ಬರಿ," ಎಂದು ತಟ್ಟೆ ಮುಂದಿಟ್ಟಳು. ಹುರುಳಿ ಸಾರು ಬಿಸಿಯಿತ್ತು. ಉಂಡು, ತಟ್ಟೆ ತೊಳೆದಿಟ್ಟು, ಸಂಜೆಯ ಬಸ್ಸಿಗೆ ಬಂದೆ.