ಹಿಮದ ದಡದಲ್ಲಿ ನಿಂತು ಕರೆದ ದೊಡ್ಡಮ್ಮ

ಯಾರನ್ನಾದರೂ ಕೂಗಿ ಕರೆಯುವಾಗ ನನ್ನ ದೊಡ್ಡಮ್ಮನ ಕುತ್ತಿಗೆಯ ಎರಡು ನರಗಳು ಬಾವಿಹಗ್ಗದ ಹಾಗೆ ಬಿಗಿದು ನಿಲ್ಲುತ್ತಿದ್ದವು. ಉಪ್ಪಳ ಪೇಟೆಯಲ್ಲಿದ್ದ ತಮ್ಮ ಬಳೆಯಂಗಡಿಯೊಳಗೆ ಕೂತೇ ಹೆದ್ದಾರಿಯ ಆಚೆ ಬದಿಯ ಬಸ್ಸನ್ನು ನಿಲ್ಲಿಸಿದ ಸ್ವರ ಅದು. ನಾನೋ, ಹೋಟೆಲಿನಲ್ಲಿ ಮಾಣಿಯನ್ನು ಕರೆದರೆ ಪಕ್ಕದ ಮೇಜಿನವರಿಗೂ ಕೇಳಿಸದ ಮನುಷ್ಯ.

ದೊಡ್ಡಮ್ಮನ ಒಬ್ಬನೇ ಮಗ, ಧ್ರುವಪ್ರದೇಶ ನೋಡಹೋಗುವ ಪ್ರವಾಸಿಗರ ಹಡಗಿನಲ್ಲಿ ಅಡುಗೆಯವನಾಗಿದ್ದ. ಅಂಟಾರ್ಕ್ಟಿಕಾದ ಹತ್ತಿರ ಬಿರುಗಾಳಿಗೆ ಡೆಕ್ಕಿನಿಂದ ಜಾರಿ ನೀರಿಗೆ ಬಿದ್ದ. ದೇಹ ಸಿಗಲಿಲ್ಲ. ಊರಲ್ಲಿ ಉತ್ತರಕ್ರಿಯೆ ಮುಗಿಸಿ, ನಮ್ಮ ಕ್ರಮದಂತೆ ಸತ್ತವನನ್ನು ಮನೆಯೊಳಗೆ ಕರೆಯುವ ಶಾಸ್ತ್ರವನ್ನೂ ಮಾಡಿದೆವು. ಮುಸ್ಸಂಜೆ ಬಾಗಿಲು ತೆರೆದಿಟ್ಟು ಕರೆದರೆ ಹೋದವರು ಒಳಗೆ ಬಂದು ಹಿರಿಯರ ಜೊತೆ ಸೇರುತ್ತಾರೆಂದು ನಂಬಿಕೆ. ಅಂದು ಕರೆದದ್ದು ಅವನ ಚಿಕ್ಕಪ್ಪ. ಅವರಿಗೆ ದಮ್ಮು ಬೇರೆ.

“ಅವರು ಕರೆದದ್ದು ಗೇಟಿಗೇ ಮುಟ್ಟಲಿಲ್ಲ, ಅಲ್ಲಿಗೆ ಹೇಗೆ ಮುಟ್ಟುವುದು?” ಎಂದರು ದೊಡ್ಡಮ್ಮ. “ಅವನು ಹೊರಗೇ ಇದ್ದಾನೆ. ಚಳಿಯಲ್ಲಿ.”

ಮಗನ ವಿಮೆಯ ಹಣವನ್ನು ಅವರು ಮುಟ್ಟಿರಲಿಲ್ಲ. ಅದರಲ್ಲೇ ಅಂಥ ಇನ್ನೊಂದು ಹಡಗಿಗೆ ಟಿಕೇಟು ಮಾಡಿಸಿದರು. ಜೊತೆಗೆ ನನಗೂ ಒಂದು, ಇಂಗ್ಲಿಷ್ ಬರುತ್ತದೆಂದು. ಬೀಗ ಹಾಕಿದೆನೋ ಇಲ್ಲವೋ ಎಂದು ಪಕ್ಕದೂರು ಕುಂಬಳೆಯಿಂದ ಮನೆಗೆ ವಾಪಸು ಓಡುವ ನಾನು ಭೂಮಿಯ ತುದಿಗೆ ಹೊರಟೆ! ನಾನು ಕಟ್ಟಿಕೊಂಡ ಮಾತ್ರೆಗಳಲ್ಲಿ ಒಂದು ಮೆಡಿಕಲ್ ಶಾಪು ತೆರೆಯಬಹುದಿತ್ತು. ಒಂದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ದಕ್ಷಿಣ ಅಮೆರಿಕದ ತುದಿ ದಾಟಿದ್ದೇ ಕಡಲು ನಮ್ಮನ್ನು ಗೆರಸೆಯಲ್ಲಿ ಹಾಕಿ ಕೇರಿತು.

ದೊಡ್ಡಮ್ಮ ನನ್ನ ತಲೆ ಹಿಡಿದುಕೊಂಡು, “ನೀನು ನನ್ನನ್ನು ನೋಡಿಕೊಳ್ಳಲಿಕ್ಕೆ ಬಂದದ್ದಲ್ಲವಾ ಮಾರಾಯ?” ಎಂದರು.

ಅಂಟಾರ್ಕ್ಟಿಕಾದ ದಡಕ್ಕೆ ಇಳಿಯುವ ಮೊದಲು ಎಲ್ಲರ ಬಟ್ಟೆ, ಚೀಲಗಳ ತಪಾಸಣೆ. ಹೊರಗಿನ ಒಂದು ಕಾಳೂ ಆ ನೆಲಕ್ಕೆ ಬೀಳಬಾರದು. ದೊಡ್ಡಮ್ಮನ ದಪ್ಪ ಕೋಟಿನೊಳಗೆ, ಸೆರಗಿನ ಗಂಟಿನಲ್ಲಿ, ಮಗನಿಗೆಂದು ತಂದ ಅವಲಕ್ಕಿ ಬೆಲ್ಲ. ತಪಾಸಣೆಯ ಹುಡುಗಿ ನಯವಾಗಿಯೇ ಅದನ್ನು ಬಿಚ್ಚಿಸಿ ತೆಗೆದಿಟ್ಟಳು. ಇನ್ನು ಇಳಿಯಲು ಬಿಡುವುದಿಲ್ಲವೆಂದು ಆ ಚಳಿಯಲ್ಲೂ ನಾನು ಬೆವರಿದೆ.

“ಎಂತ ಹೇಳ್ತಾಳೆ?”

“ತಿನ್ನುವಂಥದ್ದು ಎಂತದೂ ಕೊಂಡುಹೋಗ್ಲಿಕ್ಕಿಲ್ಲವಂತೆ.”

“ಅವಳೇ ಇಟ್ಟುಕೊಳ್ಳಲಿ. ಊಟ ಮನೆಯಲ್ಲಿ ಉಂಟು. ನಾನು ಕರೆಯಲಿಕ್ಕೆ ಬಂದದ್ದು.”

ದಡದಲ್ಲಿ ಬೊಬ್ಬೆ ಹಾಕಬಾರದು, ಹಕ್ಕಿಗಳು ಹೆದರುತ್ತವೆ ಎಂಬ ಇನ್ನೊಂದು ನಿಯಮವಿತ್ತು. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ದೊಡ್ಡಮ್ಮ ನೀರಿನ ಅಂಚಿಗೆ ಹೋಗಿ ನಿಂತರು. ಕುತ್ತಿಗೆಯ ನರಗಳು ಬಿಗಿದವು. ಅಷ್ಟರಲ್ಲಿ ಅವರ ಕಣ್ಣು ಪಕ್ಕದ ಕಲ್ಲುಗಳ ಮೇಲಿದ್ದ ಒಂದು ಪೆಂಗ್ವಿನ್ ಕಡೆಗೆ ಹೋಯಿತು. ಅದರ ಕಾಲುಗಳ ನಡುವೆ ಒಂದು ಬೂದು ಮರಿ. ದೊಡ್ಡಮ್ಮ ತೆರೆದ ಬಾಯಿಯನ್ನು ಮುಚ್ಚಿಕೊಂಡರು.

“ಮರಿ ಇಟ್ಟುಕೊಂಡವಳನ್ನು ಹೆದರಿಸಬಾರದು,” ಎಂದರು ನನಗೆ.

ಆಮೇಲೆ ಬಗ್ಗಿ, ಬೆಳಿಗ್ಗೆ ಮಗುವನ್ನು ಎಬ್ಬಿಸುವ ಸ್ವರದಲ್ಲಿ ಕಡಲಿಗೆ ತುಳುವಿನಲ್ಲಿ ಹೇಳಿದರು: “ಬಲ ಮಗಾ, ಇಲ್ಲಡೆ ಪೋಯಿ.” ಬಾ ಮಗಾ, ಮನೆಗೆ ಹೋಗುವಾ. ಅಷ್ಟೇ. ಮರಳುವ ರಬ್ಬರ್ ದೋಣಿಯಲ್ಲಿ ಅವರು ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟು ಕೂತರು. ಅಲ್ಲಿ ಕೂರಲು ಬಂದ ಒಬ್ಬ ಬಿಳಿಯನನ್ನು ನಾನೇ ಕೈಸನ್ನೆಯಿಂದ ಆಚೆ ಕಳಿಸಿದೆ. ನನ್ನ ಆಯುಷ್ಯದ ದೊಡ್ಡ ಸಾಹಸ ಅದು.

ಊರಿಗೆ ಬಂದ ಮೇಲೆ ತಡೆಯಲಾರದೆ ಕೇಳಿದೆ: “ಅಷ್ಟು ಮೆಲ್ಲ ಕರೆದದ್ದು ಅವನಿಗೆ ಕೇಳಿಸಿರಬಹುದಾ ದೊಡ್ಡಮ್ಮ?”

“ಗೊತ್ತಿಲ್ಲ. ಆದರೆ ಅಮ್ಮ ಬರಲಿಲ್ಲ ಅಂತ ಅವನು ಹೇಳುವ ಹಾಗಿಲ್ಲ.”

ಆಮೇಲೂ ಅಂಗಡಿಯಲ್ಲಿ ಗಿರಾಕಿಗಳ ಕೈಗೆ ಬಳೆ ತೊಡಿಸುತ್ತಿದ್ದವರು ಒಮ್ಮೊಮ್ಮೆ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದರು. ನಾನು ಕಂಡೂ ಕಾಣದ ಹಾಗೆ ಇರುತ್ತಿದ್ದೆ.

ಹಾಸಿಗೆ ಹಿಡಿದಾಗ ಒಂದು ದಿನ, “ನನ್ನನ್ನು ನೀನೇ ಒಳಗೆ ಕರೆ, ಆಯ್ತಾ,” ಎಂದರು.

“ನನ್ನ ಸ್ವರ ನಿಮಗೆ ಗೊತ್ತುಂಟಲ್ಲ.”

“ನಾನೆಂತ ಅಷ್ಟು ದೂರ ಇರ್ತೇನಾ? ಮೆಲ್ಲ ಕರೆದರೂ ಸಾಕು.”

ಈ ಮಳೆಗಾಲ ಮುಗಿಯುವಾಗ ಅವರು ಹೋದರು. ಮೊನ್ನೆ ಮುಸ್ಸಂಜೆ ಬಾಗಿಲು ತೆರೆದು ಕರೆದೆ. ಎಷ್ಟು ಹೊತ್ತು ಕಾಯಬೇಕೆಂದು ಮಾತ್ರ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಸೊಳ್ಳೆ ಬರ್ತದೆ, ಬಾಗಿಲು ಹಾಕಿ,” ಎಂದಳು ಹೆಂಡತಿ.

“ಇನ್ನು ಸ್ವಲ್ಪ ಹೊತ್ತು ಇರಲಿ ಮಾರಾಯ್ತಿ,” ಎಂದೆ.