ಇನ್ನೊಮ್ಮೆ ಹೇಳ್ರಿ

ಕೊರೊನಾ ಕಾಲದ ಬೀಗಗಳೆಲ್ಲ ತೆರೆದ ಮೇಲಿನ ಎರಡನೆಯ ಆಷಾಢ. ರಾಯಚೂರಿನಲ್ಲಿ ನಾನು ನಡೆಸುತ್ತಿದ್ದ ಟೈಪಿಂಗ್ ಮತ್ತು ಶೀಘ್ರಲಿಪಿ, ಅಂದರೆ ಶಾರ್ಟ್‌ಹ್ಯಾಂಡ್, ಶಾಲೆಗೆ ಆಗ ಮೂವತ್ತು ವರ್ಷ ದಾಟಿತ್ತು. ಪ್ರಾಂಶುಪಾಲೆ, ಗುಮಾಸ್ತೆ, ಕಸ ಹೊಡೆಯುವವಳು ಎಲ್ಲ ನಾನೇ. ಬೆಳಗಿನ ಬ್ಯಾಚಿಗೆ ನಾಲ್ಕೈದು ಮಕ್ಕಳು ಬಂದರೆ ಹೆಚ್ಚು. ಉಳಿದ ಹೊತ್ತು ಹೊದಿಕೆ ಹಾಕಿದ ಟೈಪ್‌ರೈಟರುಗಳ ನಡುವೆ ಅತ್ತಿಂದಿತ್ತ ಓಡಾಡುವುದೇ ಕೆಲಸ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು, ಬೆಂಚುಗಳ ಸುತ್ತ ತಿರುಗುತ್ತ ಡಿಕ್ಟೇಷನ್ ಕೊಟ್ಟವಳು ನಾನು. ಸುಮ್ಮನೆ ಕೂತರೆ ಕಾಲಿಗೆ ಇರುವೆ ಹತ್ತಿದ ಹಾಗಾಗುತ್ತದೆ.

ಅಂಥ ಒಂದು ಮಧ್ಯಾಹ್ನ ಸುಮಿತ್ರಾ ತನ್ನ ಮಗಳು ಪ್ರಜ್ಞಾಳನ್ನು ಕರೆದುಕೊಂಡು ಬಂದಳು. ಮಾನ್ವಿಯಲ್ಲಿ ನಮ್ಮ ಶಾಖೆ ಇದ್ದ ಕಾಲಕ್ಕೆ ಕಲ್ಲೂರಿನಿಂದ ಬಸ್ಸಿಗೆ ಬಂದು ಕಲಿತವಳು ಈ ಸುಮಿತ್ರಾ. ತಂದೆತಾಯಿ ಕಂಡವರ ಹೊಲದಲ್ಲಿ ಕೂಲಿ ಮಾಡಿದವರು. ಆ ಮನೆತನದಲ್ಲಿ ಕಚೇರಿಯ ಕುರ್ಚಿಯ ಮೇಲೆ ಮೊದಲು ಕೂತವಳು ಅವಳೇ. ಈಗ ದೇವದುರ್ಗದ ಸರ್ಕಾರಿ ಕಚೇರಿಯೊಂದರಲ್ಲಿ ಸ್ಟೆನೋ.

ಮಗಳು ಚೀನಾದಲ್ಲಿ ವೈದ್ಯಕೀಯ ಓದುತ್ತಿದ್ದಳು. ಸೇರಿದ ಮೊದಲೆರಡು ವರ್ಷ ಗಡಿ ಮುಚ್ಚಿತ್ತು. ಪಾಠವೆಲ್ಲ ದೇವದುರ್ಗದ ಮನೆಯಲ್ಲಿ, ಮೊಬೈಲಿನ ಮುಂದೆ. ಕಡೆಗೆ ಅಲ್ಲಿಗೆ ಹೋದರೆ ಹಾಸ್ಟೆಲಿನ ತುಂಬ ನಮ್ಮ ಕಡೆಯ, ತೆಲುಗು ಕಡೆಯ ಮಕ್ಕಳೇ. ತರಗತಿ ಇಂಗ್ಲಿಷಿನಲ್ಲಿ. ಚೀನೀ ಭಾಷೆ ಬಾಯಿಗೆ ಹತ್ತಲೇ ಇಲ್ಲ. ಈಗ ರಜೆಗೆ ಊರಿಗೆ ಬಂದಿದ್ದಳು. ರಜೆ ಮುಗಿಸಿ ಹೋದ ಕೂಡಲೇ ಒಂದು ಮೌಖಿಕ ಪರೀಕ್ಷೆ ಇತ್ತು: ರೋಗಿಯ ವೇಷದಲ್ಲಿ ಕೂತವರನ್ನು ಚೀನೀ ಭಾಷೆಯಲ್ಲೇ ಮಾತಾಡಿಸಿ, ಕಾಯಿಲೆ ಏನೆಂದು ತಿಳಿದುಕೊಳ್ಳಬೇಕು. ಅದರಲ್ಲಿ ಪಾಸಾದರೆ ಆಸ್ಪತ್ರೆಯ ವಾರ್ಡು. ಇಲ್ಲದಿದ್ದರೆ ಒಂದು ವರ್ಷ ಹಿಂದೆ.

"ಅಕ್ಕೋರ, ಇಕಿ ಒಂದ್ ಕಡಿ ಕುಂದ್ರಂಗಿಲ್ರಿ. ಮೊಬೈಲ್‌ದಾಗ ಕಲೀತೀನಿ ಅಂತಾಳ, ಹತ್ತ್ ನಿಮಿಷಕ್ಕ ಎದ್ದು ಹೊಕ್ಕಾಳ. ನಿಮ್ಮ ಕೈಯಾಗ ಇರ್ಲಿ" ಎಂದಳು ಸುಮಿತ್ರಾ.

"ನನಗ ಚೀನಿ ಭಾಷಿ ಎಲ್ಲಿ ಬರ್ತದವ್ವ?"

"ನನಗೂ ಶಾರ್ಟ್‌ಹ್ಯಾಂಡ್ ಬರ್ತಿದ್ದಿಲ್ಲಲ್ರಿ, ಕಲೀಲಿಲ್ಲೇನು?" ಎಂದಳು.

ಒಪ್ಪಿಕೊಂಡೆ. ಆರಂಭದ ಪಾಠಗಳ ಪುಸ್ತಕವೊಂದನ್ನು ತರಿಸಿ, ದಿನಾ ನಸುಕಿನಲ್ಲಿ ಎದ್ದು ಅವಳಿಗಿಂತ ಒಂದು ಪಾಠ ಮುಂದೆ ಇರಲು ಶುರುಮಾಡಿದೆ. ಒಂದೊಂದು ದಿನ ಅರ್ಧ ಪಾಠ ಮುಂದೆ.

ಬರೆಯುವುದು ನನಗೆ ಕೂಡಲೇ ಹಿಡಿಸಿತು. ಶೀಘ್ರಲಿಪಿಯಲ್ಲಿ ಗೆರೆಯೇ ದೇವರು. ದಪ್ಪ, ತೆಳು, ಎಲ್ಲಿಂದ ಹೊರಡಬೇಕು, ಎಲ್ಲಿ ನಿಲ್ಲಬೇಕು ಎಲ್ಲಕ್ಕೂ ಲೆಕ್ಕವಿದೆ. ಚೀನೀ ಅಕ್ಷರಕ್ಕೂ ಹಾಗೇ ಒಂದು ಶಿಸ್ತು. ಮೇಲಿನದು ಮೊದಲು, ಕೆಳಗಿನದು ಆಮೇಲೆ. ಎಡದ್ದು ಮೊದಲು, ಬಲದ್ದು ಆಮೇಲೆ. ಅಡ್ಡಗೆರೆ ಎಳೆದು ನಂತರ ಉದ್ದಗೆರೆ. ಲೆಕ್ಕದ ಚೌಕುಳಿ ನೋಟ್‌ಬುಕ್ ಕೊಟ್ಟು, ಚೌಕಕ್ಕೊಂದು ಅಕ್ಷರ ಬರೆಸಿದೆ. 'ಕಾಯಿಲೆ', 'ನೋವು', 'ತುರಿಕೆ' ಎಂಬ ಅಕ್ಷರಗಳೆಲ್ಲ ಒಂದೇ ಬಗೆಯ ಚೌಕಟ್ಟಿನೊಳಗೆ ಕೂರುತ್ತವೆ ಎಂದು ಕಂಡುಕೊಂಡ ದಿನ ನಾವಿಬ್ಬರೂ ಚಹಾ ಮರೆತೆವು. ಆಷಾಢದ ಗಾಳಿಗೆ ಹಾಳೆಗಳು ಹಾರುತ್ತಿದ್ದವು. ಅವಳು ಒಂದು ಕೈಯಲ್ಲಿ ಹಾಳೆ ಒತ್ತಿ ಹಿಡಿದು ಇನ್ನೊಂದರಲ್ಲಿ ಬರೆಯುತ್ತಿದ್ದಳು. ಬೆಂಚಿನ ಕೆಳಗೆ ಅವಳ ಮೊಣಕಾಲು ಮಾತ್ರ ಹೊಲಿಗೆ ಮಷೀನಿನ ಹಾಗೆ ಕುಣಿಯುತ್ತಲೇ ಇರುತ್ತಿತ್ತು.

ಉಚ್ಚಾರಣೆಯೇ ನಮ್ಮನ್ನು ಕಾಡಿತು. ಅಲ್ಲಿ ಒಂದೇ ಉಲಿಯನ್ನು ನಾಲ್ಕು ಏರಿಳಿತಗಳಲ್ಲಿ ಹೇಳಿದರೆ ನಾಲ್ಕು ಬೇರೆ ಮಾತಾಗುತ್ತವೆ. ಸಮನಾಗಿ ಎಳೆಯುವುದು ಒಂದು, ಏರುವುದು ಒಂದು, ಇಳಿದು ಏರುವುದು ಒಂದು, ಧಪ್ಪನೆ ಬೀಳುವುದು ಒಂದು. 'ನೀನು' ಎನ್ನುವುದಕ್ಕೆ ಅವರೂ 'ನೀ' ಎನ್ನುತ್ತಾರೆ ಎಂದು ತಿಳಿದಾಗ ಪ್ರಜ್ಞಾ ನಕ್ಕಳು. 'ನಾಲೀ ಥಂಗ್?' ಎಂದರೆ 'ಎಲ್ಲಿ ನೋವು?' ಮಾತು ಏರುವಾಗ ಕೈ ಎತ್ತುತ್ತ, ಇಳಿಯುವಾಗ ಇಳಿಸುತ್ತ ನಾನು ಬೆಂಚುಗಳ ನಡುವೆ ನಡೆಯುತ್ತಿದ್ದೆ. ಎದುರಿನ ಜೆರಾಕ್ಸ್ ಅಂಗಡಿಯವನು ಬಾಗಿಲಿಗೆ ಬಂದು ನೋಡಿ ಹೋದ.

ತಿಂಗಳು ಕಳೆಯುವ ಹೊತ್ತಿಗೆ ಅವಳು ಡಿಕ್ಟೇಷನ್ ತೆಗೆದುಕೊಳ್ಳುವ ಮಟ್ಟಕ್ಕೆ ಬಂದಳು. ಫೋನಿನಲ್ಲಿ ಚೀನೀ ಸಂಭಾಷಣೆ ಹಾಕಿದರೆ, ಉಚ್ಚಾರಣೆಯನ್ನು ರೋಮನ್ ಅಕ್ಷರಗಳಲ್ಲಿ ಹಿಡಿಯುವ ಪಿನ್‌ಯಿನ್ ಕ್ರಮದಲ್ಲಿ ಸರಸರ ಬರೆಯುತ್ತಿದ್ದಳು. ನಮ್ಮ ವೃತ್ತಿಯ ಮೊದಲ ನಿಯಮವನ್ನು ಅವಳಿಗೂ ಕಲಿಸಿದ್ದೆ: ಮಾತು ತಪ್ಪಿಹೋದರೆ ನಿಲ್ಲಬೇಡ, ಜಾಗ ಬಿಟ್ಟು ಮುಂದೆ ನಡೆ; ಹೇಳುವವರನ್ನು ಮಾತ್ರ ತಿರುಗಿ ಕೇಳಬೇಡ. ಸಾಹೇಬರ ಮಾತಿನ ಓಟ ಕೆಡಿಸಿದ ಸ್ಟೆನೋ ಬಹಳ ದಿನ ಬಾಳುವುದಿಲ್ಲ ಎಂದು ಎಷ್ಟು ಬ್ಯಾಚಿಗೆ ಹೇಳಿದ್ದೇನೋ. ನನ್ನ ಮಟ್ಟಿಗೆ ಕೆಲಸ ಗೆದ್ದ ಹಾಗಾಗಿತ್ತು.

ಅವಳು ಹೊರಡಲು ಎರಡು ವಾರ ಇದ್ದಾಗ ಒಂದು ಭಾನುವಾರ ಸುಮಿತ್ರಾಳೂ ಬಂದಿದ್ದಳು. ಪ್ರಜ್ಞಾಳ ಕಾಲೇಜಿನಲ್ಲೇ ಓದುವ ಲಿನ್ ಎಂಬ ಚೀನೀ ಹುಡುಗಿ ವೀಡಿಯೊ ಕರೆಯಲ್ಲಿ ರೋಗಿಯಾಗಲು ಒಪ್ಪಿದ್ದಳು. ಫೋನನ್ನು ಟೈಪ್‌ರೈಟರಿಗೆ ಆನಿಸಿ ನಿಲ್ಲಿಸಿದೆವು. ಪ್ರಜ್ಞಾ ಚೆನ್ನಾಗಿಯೇ 'ನಾಲೀ ಥಂಗ್?' ಎಂದಳು. ಲಿನ್ ಹೊಟ್ಟೆ ಹಿಡಿದುಕೊಂಡು ಮಾತು ಶುರುಮಾಡಿದಳು. ನಮ್ಮ ಹುಡುಗಿ ತಲೆ ಬಗ್ಗಿಸಿ ಬರೆಯತೊಡಗಿದಳು. ಲಿನ್ ಮಾತು ನಿಲ್ಲಿಸಿದಳು, ಇವಳು ಬರೆಯುತ್ತಿದ್ದಳು. ಲಿನ್ ಹೆಸರು ಹಿಡಿದು ಕೂಗಿದಳು, ಪರದೆಯ ಹತ್ತಿರ ಬಂದು ಕೈ ಆಡಿಸಿದಳು. ಇವಳ ಬಗ್ಗಿಸಿದ ತಲೆಯಷ್ಟೇ ಕಂಡು, ನೆಟ್‌ವರ್ಕ್ ಹೋಗಿ ಚಿತ್ರ ನಿಂತಿದೆ ಎಂದುಕೊಂಡು ಕರೆಯನ್ನೇ ಕಡಿದಳು.

ಹಾಳೆ ತೆಗೆದು ನೋಡಿದೆ. ಅಂದವಾದ ಬರಹ. ನಡುನಡುವೆ ಖಾಲಿ ಜಾಗ. ಯಾವಾಗಿನಿಂದ ನೋವು, ಯಾವ ಕಡೆ ನೋವು ಎಂಬುದೆಲ್ಲ ಆ ಖಾಲಿಯಲ್ಲೇ ಹೋಗಿತ್ತು. ನನಗೆ ನಗು ಬಂತು, ಕೂಡಲೇ ನಿಂತಿತು. ಖಾಲಿ ಜಾಗವೊಂದರ ಮೇಲೆ ಬೆರಳಿಟ್ಟೆ.

"ತಿಳೀಲಿಲ್ಲಂದ್ರ ಕೇಳಬೇಕಿಲ್ಲೇನವ್ವ?" ಎಂದೆ.

"ಕೇಳಬ್ಯಾಡ ಅಂದಿದ್ರಲ್ರಿ ಅಕ್ಕೋರ" ಎಂದಳು ಪ್ರಜ್ಞಾ.

ಆಗ ಸುಮಿತ್ರಾ ಮಾತಾಡಿದಳು. ಇಷ್ಟು ವರ್ಷಗಳಲ್ಲಿ ಅವಳು ನನ್ನೆದುರು ಅಷ್ಟು ಮಾತಾಡಿದ್ದು ಅದೇ ಮೊದಲು. "ನೀವು ಕಲಿಸಿದ್ದು ನನಗ ಅನ್ನ ಕೊಟ್ಟದ್ರಿ. ಇವತ್ತಿನ ತನಕ ಸಾಹೇಬ್ರಿಗೆ ತಿರುಗಿ ಕೇಳಿಲ್ಲ ನಾನು. ಜಾಗಾ ಬಿಡ್ತೀನಿ, ಆಮ್ಯಾಲ ಹೆಂಗರ ಮಾಡಿ ತುಂಬ್ತೀನಿ. ಕೇಳಾಕ ಅಂಜಿಕಿ. ಕೂಲಿಯವರ ಮಗಳು, ಇಷ್ಟೂ ತಿಳಿಯಂಗಿಲ್ಲೇನು ಅಂದಾರು ಅಂತ. ಇಕಿಗೂ ಅದೇ ಅಂಜಿಕಿ ಹತ್ಯಾದ. ಆದ್ರ ಇಕಿ ಬಿಟ್ಟ ಜಾಗಾದಾಗ ಒಬ್ಬರ ಜೀವ ಇರ್ತದಲ್ರಿ."

ಸ್ಟಾಪ್‌ವಾಚ್ ಮೇಜಿನೊಳಗೆ ಇಟ್ಟೆ. ಮರುದಿನದಿಂದ ಪೆನ್ನು, ನೋಟ್‌ಬುಕ್ ಎರಡೂ ಬಂದ್. ಒಂದೇ ಮಾತಿನ ಅಭ್ಯಾಸ: 'ಛಿಂಗ್ ತ್ಸಾಯ್ ಶ್ವೋ ಈ ಪ್ಯೆನ್.' ದಯವಿಟ್ಟು ಇನ್ನೊಮ್ಮೆ ಹೇಳಿ. ನಾನು ಬೇಕೆಂದೇ ಗಡಬಡಿಸಿ ಓದುತ್ತ ಓಡಾಡಬೇಕು, ಅವಳು ನನ್ನನ್ನು ತಡೆದು ಈ ಮಾತು ಹೇಳಬೇಕು. ಮೊದಲ ದಿನ ಬಾಯೇ ಬರಲಿಲ್ಲ. ಕೈಗೆ ಕೆಲಸವಿಲ್ಲದೆ ತೊಡೆಯ ಕೆಳಗೆ ಅದುಮಿಕೊಂಡು ಕೂತಳು. ಎರಡನೆಯ ದಿನ ಗೊಣಗಿದಳು. ಮೂರನೆಯ ದಿನ ಎದ್ದು ದಾರಿಗೆ ಅಡ್ಡ ನಿಂತು, ನನ್ನ ಮುಖ ನೋಡಿ ಕೇಳಿದಳು. ಹೇಳಿದೆ. ಮತ್ತೆ ಕೇಳಿದಳು. ನನಗೆ ಸಿಟ್ಟೇ ಬಂತು, ಆದರೂ ಹೇಳಿದೆ.

ಅವಳು ಚೀನಾಕ್ಕೆ ಮರಳಿದ ಮೇಲೆ, ಪರೀಕ್ಷೆಯ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಸ್ ನಿಲ್ದಾಣದ ತನಕ ಹೋಗುವುದು, ಏನೂ ಕೆಲಸವಿಲ್ಲದೆ ಬರುವುದು. ಮಧ್ಯಾಹ್ನ ದಾಟಿದ ಮೇಲೆ ಪ್ರಜ್ಞಾಳ ಕರೆ ಬಂತು. ರೋಗಿಯಾಗಿ ಕೂತಿದ್ದ ಹಿರಿಯ ಹೆಂಗಸಿನ ಮಾತು ಪುಸ್ತಕದ ಮಾತಿನ ಹಾಗೆ ಇರಲೇ ಇಲ್ಲವಂತೆ; ಅರ್ಧಕ್ಕರ್ಧ ತಿಳಿಯಲಿಲ್ಲವಂತೆ.

"ಮೂರ್ ಸಲ ಕೇಳಿದ್ನಿರಿ ಅಕ್ಕೋರ. ಮೂರನೇ ಸಲ ಆಕಿ ನಿಧಾನ ಹೇಳಿ, ನನ್ನ ಕೈ ಹಿಡಿದು ತನ್ನ ಪಕ್ಕಿ ಮ್ಯಾಲ ಇಟ್ಟು ತೋರಿಸಿದ್ಲು. ಪಾಸಾದೆ."

ನಾನು ಅತ್ತೆ. ಮುಚ್ಚಿಡುವಂಥದ್ದೇನಲ್ಲ.

ಈಗ ಪ್ರಜ್ಞಾ ವಾರ್ಡಿನಲ್ಲಿದ್ದಾಳೆ. ನನ್ನ ಚೀನೀ ಕಲಿಕೆ ಇನ್ನೂ ಆರಂಭದ ಪುಸ್ತಕದ ಕಡೆಯ ಪಾಠಗಳಲ್ಲಿ ಕುಂಟುತ್ತಿದೆ. ಆದರೆ ಹೊಸ ಬ್ಯಾಚಿಗೆ ಶೀಘ್ರಲಿಪಿಯ ಮೊದಲ ಗೆರೆ ಎಳೆಯುವ ಮುಂಚೆಯೇ ಒಂದು ಮಾತು ಹೇಳುತ್ತೇನೆ: ತಿಳಿಯದಿದ್ದರೆ ತಲೆ ಎತ್ತಿ ಕೇಳಿ. ಮೂವತ್ತು ವರ್ಷ ಇದರ ತಿರುವುಮುರುವು ಹೇಳಿದವಳಿಗೆ ಇದನ್ನು ಕಲಿಸಲು, ನಾಲ್ಕು ವಾಕ್ಯ ನೆಟ್ಟಗೆ ಬಾರದ ಭಾಷೆಯೊಂದು ಬೇಕಾಯಿತು.

ಪ್ರಜ್ಞಾ ಪಾಸಾದ ಮರುವಾರ ಸುಮಿತ್ರಾ ಫೋನ್ ಮಾಡಿದ್ದಳು. ಮಗಳ ವಿಷಯವೆಂದುಕೊಂಡೆ. ಅಲ್ಲ.

"ನಿನ್ನಿ ಡಿಕ್ಟೇಷನ್‌ದಾಗ ಒಂದ್ ಮಾತು ತಿಳೀಲಿಲ್ರಿ ಅಕ್ಕೋರ. ಪೆನ್ನು ಕೆಳಗ ಇಟ್ಟು, ಸಾಹೇಬ್ರ ಮಾರಿ ನೋಡಿ, 'ಸರ್, ಇನ್ನೊಮ್ಮೆ ಹೇಳ್ರಿ' ಅಂದ್ನಿ."

"ಏನಂದ್ರವ್ವ?"

"ಏನಿಲ್ರಿ" ಎಂದಳು ಸುಮಿತ್ರಾ. "ಇನ್ನೊಮ್ಮೆ ಹೇಳಿದ್ರು."