ಅತ್ತೆಯ ಹೊಲದ ಭಜ್ಜಿ, ನನ್ನ ಜವಾಬಿನ ವಹಿ

ಎಪ್ಪತ್ತರ ದಶಕದಲ್ಲಿ ನಾನು ಹುಮನಾಬಾದಿನಲ್ಲಿ ಉಪದೇಶಿಯಾಗಿದ್ದೆ. ಹೆಗಲ ಚೀಲದಲ್ಲಿ ಬೈಬಲ್ಲಿನ ಜೊತೆ ಒಂದು ನೋಟುಬುಕ್ಕು ಸದಾ ಇರುತ್ತಿತ್ತು. ನಮ್ಮ ಧರ್ಮದ ಬಗ್ಗೆ ಜನ ಕೇಳಬಹುದಾದ ಪ್ರಶ್ನೆ ಎಡಗಡೆ, ನನ್ನ ಉತ್ತರ ಬಲಗಡೆ. ತರಬೇತಿಯಲ್ಲಿ ಕಲಿಸಿದ್ದು ಅರ್ಧ, ನಾನೇ ತಲೆ ಓಡಿಸಿ ಸೇರಿಸಿದ್ದು ಅರ್ಧ. ದೇವರಿಗೇ ಸಂದೇಹ ಬಂದರೂ ನನ್ನ ಹತ್ತಿರ ಬರಬಹುದು ಎಂಬಷ್ಟು ಸೊಕ್ಕಿತ್ತು.

ತೊಂದರೆ ಏನೆಂದರೆ, ಎಡಗಡೆ ಬರೆದದ್ದನ್ನು ಯಾರೂ ಕೇಳುತ್ತಿರಲಿಲ್ಲ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ತ್ರಯೇಕತ್ವಕ್ಕೆ ಮೂರು ಪುಟ ಖರ್ಚು ಮಾಡಿದ್ದೆ. ಪಕ್ಕದ ಹುಡಗಿ ಎಂಬ ಊರಿನ ಕಟ್ಟೆಯ ಮೇಲೆ ಕೂತವರು ಕೇಳಿದ್ದು, "ನಿಮ್ಮ ಗುಡಿಯಾಗ ದಾರೂ ಕುಡಸ್ತಾರಂತಲ್ರಿ, ಖರೇ ಏನು?" ಅದು ದಾರೂ ಅಲ್ಲ, ಒಣದ್ರಾಕ್ಷಿ ಕುದಿಸಿ ಸೋಸಿದ ರಸ, ಪಾಲಿಗೆ ಬರುವುದು ಒಂದು ಗುಟುಕು ಎಂದು ವಿವರಿಸಿದೆ. ಕೇಳಿದವರ ಮುಖ ಇಳಿಯಿತು. ಇಬ್ಬರು ಎದ್ದು ಹೋದರು.

ಹುಮನಾಬಾದಿನ ಕಿರಾಣಿ ಅಂಗಡಿಯ ಸಾವಕಾರರು ಲಿಂಗವಂತರು, ಯೋಚಿಸಿ ಕೇಳುವವರು. "ನಾವು ಸತ್ತಾವ್ರನ್ನ ಕೂಡಿಸಿ ಮಣ್ಣು ಮಾಡ್ತೀವಿ, ನೀವು ಮಲಗಿಸಿ ಮಾಡ್ತೀರಿ. ಕಡೀ ದಿನ ಎಲ್ಲಾರೂ ಏಳ್ತಾರಂತ ನೀವೇ ಹೇಳ್ತೀರಿ. ಹಂಗಾದ್ರ ಕುಂತಾವ್ರು ಮೊದಲು ಏಳ್ತಾರೋ, ಮಲಗಿದಾವ್ರೋ?" ಎಂದರು. ಪುನರುತ್ಥಾನದ ಮೇಲೆ ಅರ್ಧ ತಾಸು ಮಾತಾಡಿದೆ. ಅವರು ಬೆಲ್ಲ ತೂಗುತ್ತಲೇ ಎಲ್ಲವನ್ನೂ ಕೇಳಿಸಿಕೊಂಡು, "ಅಂದ್ರ ಕುಂತಾವ್ರೇ ಮೊದಲು," ಎಂದು ತೀರ್ಪು ಕೊಟ್ಟರು.

ಒಂದು ಉತ್ತರವನ್ನು ಮಾತ್ರ ನಾನು ಕೆಂಪು ಶಾಯಿಯಲ್ಲಿ ಬರೆದಿದ್ದೆ. ಬೇರೆ ದೇವರಿಗೆ ಎಡೆ ಇಟ್ಟ ಅಡುಗೆಯನ್ನು ಕ್ರೈಸ್ತರು ಉಣ್ಣಬಹುದೇ? ಬೈಬಲ್ಲಿನಲ್ಲಿರುವ ಅಪೊಸ್ತಲನೊಬ್ಬನ ಪತ್ರದಲ್ಲಿ ಇದಕ್ಕೆ ಎರಡು ಮಾತಿವೆ. ಊಟಕ್ಕೆ ಕರೆದರೆ ಬಡಿಸಿದ್ದನ್ನು ವಿಚಾರಿಸದೆ ಉಣ್ಣಿ ಎನ್ನುವುದು ಮೊದಲನೆಯದು. ಇದು ಎಡೆ ಇಟ್ಟದ್ದು ಎಂದು ಯಾರಾದರೂ ಹೇಳಿದರೆ ಉಣ್ಣಬೇಡಿ ಎನ್ನುವುದು ಎರಡನೆಯದು. ನಾನು ಕೆಂಪಾಗಿಸಿದ್ದು ಎರಡನೆಯದನ್ನು. ಅದರ ಏಟು ಬಿದ್ದದ್ದು ನನ್ನ ಹೆಂಡತಿಯ ಮೇಲೆ.

ಅವಳು ಮದುವೆಗೆ ಮೊದಲು ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತಳಾದವಳು. ಅವಳ ತಾಯಿ ತೆಗೆದುಕೊಳ್ಳಲಿಲ್ಲ. ದುಬಲಗುಂಡಿಯಲ್ಲಿ ಎರಡೆಕರೆ ಹೊಲ, ತನ್ನ ದೇವರು, ತನ್ನ ಪಾಡು. ಕ್ರಿಸ್‌ಮಸ್ಸಿಗೆ ಮಾತ್ರ ತಪ್ಪದೆ ನಮ್ಮ ಮನೆಗೆ ಬಂದು, ಕರ್ಚಿಕಾಯಿ ತಿಂದು, ಸೆರಗಿನಲ್ಲಿ ನಾಲ್ಕು ಕಟ್ಟಿಕೊಂಡು ಹೋಗುತ್ತಿದ್ದರು. ಅದರ ಆಸುಪಾಸಿನಲ್ಲೇ ಅವರ ಎಳ್ಳಮಾವಾಸ್ಯೆ. ಹಸಿ ಕಡಲೆ, ತೊಗರಿ, ಅವರೆ, ಸಿಕ್ಕ ಸೊಪ್ಪು ಎಲ್ಲ ಸೇರಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ. ಹೊಲದಲ್ಲಿ ಜೋಳದ ದಂಟಿನ ಕೊಂಪೆ ಕಟ್ಟಿ, ಒಳಗೆ ದೇವರೆಂದು ಐದು ಕಲ್ಲಿಟ್ಟು, ಎಡೆ ತೋರಿಸಿ, ಆಮೇಲೆ ಎಲ್ಲರೂ ಕೂತು ಉಣ್ಣುವುದು.

ಪ್ರತಿ ವರ್ಷ ಕರೆಯುತ್ತಿದ್ದರು, ನಾವೂ ಹೋಗುತ್ತಿದ್ದೆವು. ಎಲೆಯ ಮುಂದೆ ಕೂತದ್ದೇ ತಡ, ಅತ್ತೆ ಹೆಮ್ಮೆಯಿಂದ, "ನೈವೇದ್ಯ ಆಗ್ಯದ್ರಿ ಅಳಿಯಾವ್ರ, ಉಣ್ರಿ," ಎನ್ನುತ್ತಿದ್ದರು. ಎಲ್ಲ ಶಾಸ್ತ್ರದ ಪ್ರಕಾರ ಆಗಿದೆ ಎಂಬ ಭರವಸೆ ಅದು. ಆ ಒಂದು ಮಾತು ಆಡದಿದ್ದರೆ ನಾನು ಏನೂ ವಿಚಾರಿಸದೆ ಉಣ್ಣುತ್ತಿದ್ದೆ, ಪತ್ರದ ಅಪ್ಪಣೆ ಇತ್ತು. ಅವರು ಆಡದೆ ಬಿಡುತ್ತಿರಲಿಲ್ಲ. ನಾನು ಕೈಮುಗಿದು ಮನೆಯಿಂದ ತಂದ ಬುತ್ತಿ ಬಿಚ್ಚುತ್ತಿದ್ದೆ. ಹೆಂಡತಿ ಭಜ್ಜಿಯ ಗಡಿಗೆಯ ಕಡೆ ನೋಡದೆ ಒಣ ರೊಟ್ಟಿ ಮುರಿಯುತ್ತಿದ್ದಳು. ಉಳಿದ ದಿನಗಳಲ್ಲೂ ಅತ್ತೆ ದೇವರಿಗೆ ತೋರಿಸದೆ ಯಾರಿಗೂ ಬಡಿಸುವವರಲ್ಲ.

"ಅವ್ವನ ಕೈಯಾಗಿಂದು ಉಂಡು ಒಂಬತ್ತು ವರ್ಷ ಆತ್ರಿ," ಎಂದಳು ಒಮ್ಮೆ ಹೆಂಡತಿ. ನಾನು ನೋಟುಬುಕ್ಕು ತೆಗೆದು ಕೆಂಪು ಸಾಲು ತೋರಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅತ್ತೆಗೆ ದಮ್ಮು ಹೆಚ್ಚಾಯಿತು. ಆ ಕ್ರಿಸ್‌ಮಸ್ಸಿಗೆ ಬಂದವರು ಕರ್ಚಿಕಾಯಿ ಕೈಯಲ್ಲೇ ಹಿಡಿದು ಕೂತರು. "ಮುಂದಿನ ವರ್ಷ ನಾ ಇರ್ತೀನೋ ಇಲ್ಲೋ. ಊರಿಗೆಲ್ಲ ಜವಾಬ ಹೇಳ್ತೀರಿ, ನನಗೊಂದು ಹೇಳ್ರಿ. ನಿಮ್ಮ ಹಬ್ಬದ್ದು ನಾ ಉಣ್ತೀನಿ. ನಂದು ನೀವ್ಯಾಕ ಉಣ್ಣಂಗಿಲ್ಲ?"

ಪತ್ರ ಓದಿ ಬಿಡಿಸಿ ಹೇಳಿದೆ. ಸಾವಕಾರರಿಗಿಂತ ಗಮನವಿಟ್ಟು ಕೇಳಿದರು.

"ಅಂದ್ರ ಎಡಿ ಇಟ್ಟ ಮ್ಯಾಲ ಉಣ್ಣಬಾರದು?"

"ಹೌದ್ರಿ ಅತ್ತಿ."

"ಇಡೋಕಿಂತ ಮೊದಲು?"

"ಮೊದಲಾದ್ರ ಏನೂ ಅಡ್ಡಿಯಿಲ್ರಿ," ಎಂದೆ. ಅಂಥದ್ದು ನಡೆಯುವುದಿಲ್ಲವೆಂಬ ಧೈರ್ಯ.

ಎಳ್ಳಮಾವಾಸ್ಯೆಗೆ ಹೋದಾಗ ಕೊಂಪೆಯೊಳಗಿನ ಕಲ್ಲುಗಳಿಗೆ ಇನ್ನೂ ಕುಂಕುಮವೂ ಬಿದ್ದಿರಲಿಲ್ಲ. ಅತ್ತೆ ನಮ್ಮಿಬ್ಬರನ್ನು ಕೂರಿಸಿ, ಗಡಿಗೆಯ ಮುಚ್ಚಳ ತೆಗೆದು, ಎರಡು ಎಲೆಗೆ ಭಜ್ಜಿ ಬಡಿಸಿದರು. ಹೆಂಡತಿಯ ಅಣ್ಣ ಗಾಬರಿಯಾಗಿ ಕೂಗಿದ: "ಅವ್ವಾ, ಏನ್ ಮಾಡಾಕತ್ತೀ? ಇನ್ನಾ ಎಡಿ ಆಗಿಲ್ಲ!"

"ಗೊತ್ತದ. ಇಷ್ಟು ವರ್ಷ ದೇವರು ಮೊದಲು ಉಂಡಾರ, ಇವತ್ತೊಂದಿನ ತಡೀತಾರ. ತಡೀಲಿಲ್ಲಂದ್ರ ಗುನ್ಹೆ ನನ್ನ ತಲೀ ಮ್ಯಾಲ ಇರ್ಲಿ. ಮಗಳು ಉಣ್ಲಿ."

ಇನ್ನೊಬ್ಬರ ಪಾಪವನ್ನು ತನ್ನ ಮೇಲೆ ಹೊತ್ತವನ ಕಥೆಯನ್ನು ನಾನು ಊರೂರು ತಿರುಗಿ ಹೇಳಿದವನು. ಎತ್ತಿದ ತುತ್ತನ್ನು ಎಲೆಗೇ ಇಳಿಸಿದೆ. ಹೆಂಡತಿ ಮಾತ್ರ ಅಳುತ್ತಲೇ ಗಬಗಬ ಉಂಡಳು.

ಅತ್ತೆ ಕಲ್ಲುಗಳ ಮುಂದೆ ಎಡೆ ಇಟ್ಟು, ತಪ್ಪಾಯಿತೆಂದು ಗಲ್ಲ ಗಲ್ಲ ಬಡಿದುಕೊಂಡು ಹೊರಗೆ ಬಂದರು. ಆಗ ನನ್ನ ಹೆಂಡತಿ, "ಅವ್ವಾ, ಇನ್ನಾ ಸ್ವಲ್ಪ ಹಾಕು," ಎಂದು ಎಲೆ ಮುಂದೆ ಮಾಡಿದಳು. ಅತ್ತೆಯ ಕೈ ಗಡಿಗೆಯ ಮೇಲೆ ನಿಂತಿತು. ನನ್ನ ಮುಖ ನೋಡಿದರು. ಈ ಸಲ ನೈವೇದ್ಯದ ಮಾತು ಆಡಲಿಲ್ಲ.

ನಾನು ಏನೂ ಕೇಳದೆ ನನ್ನ ಎಲೆಯನ್ನೂ ಮುಂದೆ ಸರಿಸಿದೆ.